ಜಾಗಟೆ ಹೊಡೆದಾಗ ಓಡಬೇಕು: 46 ಪುಟಾಣಿಗಳ ಸ್ಪೋರ್ಟ್ಸ್ ಡೇ ಮಾಡಿ ಮುಗಿಸಿದ ಕಥೆ

ಕಳೆದ ಶನಿವಾರ ನಮ್ಮ ಮಾಂಟೆಸ್ಸರಿಯ ಸ್ಪೋರ್ಟ್ಸ್ ಡೇ ಮುಗಿಯಿತು. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಶುರು, ಹತ್ತೂವರೆಗೆ ಮುಕ್ತಾಯ. ಅಷ್ಟಕ್ಕೆ ನಾನು ಓಡಾಡಿದ್ದು ಎಂಟು ವಾರ. ಕಾಲು ಇನ್ನೂ ನೋಯುತ್ತಿದೆ, ಮನಸ್ಸು ಮಾತ್ರ ತುಂಬಿದೆ.

ನಮ್ಮದು ಬೆಂಗಳೂರಿನ ಹನುಮಂತನಗರದಲ್ಲಿ ಒಂದು ಮನೆಯ ಕೆಳಗಿನ ಅಂತಸ್ತಿನಲ್ಲಿ ನಡೆಯುವ ಸಣ್ಣ ಶಾಲೆ. ಒಟ್ಟು 46 ಮಕ್ಕಳು. ಎಂ1ರಲ್ಲಿ (ಮಾಂಟೆಸ್ಸರಿಯ ಮೊದಲ ವರ್ಷ) 14, ಎಂ2ರಲ್ಲಿ 16, ಎಂ3ರಲ್ಲಿ 16. ಎರಡೂವರೆ ವರ್ಷದವರಿಂದ ಹಿಡಿದು ಆರು ತುಂಬುವವರ ತನಕ. ನಾವು ನಾಲ್ಕು ಜನ ಆಂಟಿಯರು (ನಮ್ಮ ಮಾಂಟೆಸ್ಸರಿಯಲ್ಲಿ ಮಕ್ಕಳು ಮಿಸ್ ಅನ್ನುವುದಿಲ್ಲ, ಆಂಟಿ ಅಂತಲೇ ಕರೆಯುತ್ತಾರೆ), ಇಬ್ಬರು ಆಯಮ್ಮಂದಿರು, ಶಾಲೆ ನಡೆಸುವ ಮೇಡಂ. ದಸರಾ ರಜೆ ಮುಗಿದ ವಾರ ಮೇಡಂ ಕರೆದು, "ಈ ವರ್ಷ ಸ್ಪೋರ್ಟ್ಸ್ ಡೇ ನೀವೇ ನೋಡ್ಕೊಳ್ಳಿ" ಅಂದರು. ಖುಷಿಯಿಂದ ಒಪ್ಪಿಕೊಂಡೆ. ಮನೆಗೆ ಬಂದು ಫೋನಿನಲ್ಲಿ ಹುಡುಕಿದರೆ ಸಿಕ್ಕಿದ್ದೆಲ್ಲ ಆಟಗಳ ಪಟ್ಟಿ. ಮೈದಾನ ಎಲ್ಲಿ ಕೇಳಬೇಕು, ಮಕ್ಕಳು ಸೂಸು ಎಲ್ಲಿ ಮಾಡಬೇಕು, ಮಳೆ ಬಂದರೆ ಏನು ಗತಿ? ಇದನ್ನೆಲ್ಲ ಯಾರೂ ಬರೆದಿರಲಿಲ್ಲ. ಅದಕ್ಕೇ ನೆನಪು ಹಸಿ ಇರುವಾಗಲೇ ಬರೆಯುತ್ತಿದ್ದೇನೆ.

ಮೈದಾನ ಹುಡುಕಿದ್ದು

ಹೋದ ವರ್ಷದ ತನಕ ನಮ್ಮ ಸ್ಪೋರ್ಟ್ಸ್ ಡೇ ತಾರಸಿಯ ಮೇಲೆ ನಡೆಯುತ್ತಿತ್ತು. ಆಗ ಇದ್ದದ್ದು ಇಪ್ಪತ್ತೈದು ಮಕ್ಕಳು. ಈಗ 46 ಮಕ್ಕಳು, ಅವರ ಅಪ್ಪ ಅಮ್ಮ, ಅಜ್ಜಿ ತಾತ. ತಾರಸಿಯ ಮಾತೇ ಇಲ್ಲ.

ಮೊದಲು ಕೇಳಿದ್ದು ಹತ್ತಿರದ ಒಂದು ಸಾರ್ವಜನಿಕ ಮೈದಾನ. ಕಚೇರಿಗೆ ಹೋದ ಮೊದಲ ದಿನ "ಅರ್ಜಿ ಬರೆದು ಕೊಡಿ" ಅಂದರು. ಕೊಟ್ಟೆ. ಎರಡನೇ ಸಲ "ಶಾಲೆಯ ಲೆಟರ್‌ಹೆಡ್‌ನಲ್ಲಿ ಬೇಕು, ಸೀಲ್ ಬೇಕು" ಅಂದರು. ಮೂರನೇ ಸಲ ಹೋದಾಗ ಸಹಿ ಹಾಕಬೇಕಾದವರು ಸೈಟ್ ನೋಡಲು ಹೋಗಿದ್ದರು. ಹನ್ನೊಂದರಿಂದ ಒಂದೂವರೆ ತನಕ ಬೆಂಚಿನ ಮೇಲೆ ಕೂತು ವಾಪಸ್ ಬಂದೆ. ನೀವು ಹೋಗುವುದಾದರೆ ಮೊದಲ ದಿನವೇ ಇಷ್ಟು ಇಟ್ಟುಕೊಳ್ಳಿ: ಲೆಟರ್‌ಹೆಡ್‌ನಲ್ಲಿ ಸೀಲ್ ಹಾಕಿದ ಅರ್ಜಿ, ಶಾಲೆಯ ನೋಂದಣಿ ಪತ್ರದ ಜೆರಾಕ್ಸ್, ಜವಾಬ್ದಾರಿ ಹೊತ್ತವರ ಆಧಾರ್ ಜೆರಾಕ್ಸ್. ಅರ್ಜಿಯಲ್ಲಿ ತಾರೀಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಷ್ಟು ಜನ, ಶಾಮಿಯಾನ ಇದೆಯಾ ಇಲ್ಲವಾ, ಎಲ್ಲ ಬರೆದಿರಲಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸ್ವೀಕರಿಸಿದ ಮುದ್ರೆ ಹಾಕಿಸಿಕೊಳ್ಳಿ. ನಾನು ಹಾಕಿಸಿಕೊಂಡಿರಲಿಲ್ಲ. ಮೂರನೇ ಸಲ ಹೋದಾಗ ನನ್ನ ಅರ್ಜಿಯನ್ನೇ ಹುಡುಕಬೇಕಾಯಿತು.

ತಾರೀಕಿನ ವಿಷಯದಲ್ಲೂ ಎಡವಿದೆವು. ನಾವು ಮೊದಲು ಗೊತ್ತು ಮಾಡಿದ್ದು ನವೆಂಬರಿನ ಒಂದು ಶನಿವಾರ. ನಮ್ಮ ದೊಡ್ಡ ಆಯಮ್ಮ ಕ್ಯಾಲೆಂಡರ್ ನೋಡಿ, "ಆಂಟಿ, ಅದು ಪರಿಷೆ ವಾರ ಕಣ್ರೀ" ಅಂದರು. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೇ ಸೋಮವಾರ. ಆದರೆ ಬುಲ್ ಟೆಂಪಲ್ ರಸ್ತೆಯಲ್ಲಿ ಜನ ಹಿಂದಿನ ಶನಿವಾರ, ಭಾನುವಾರವೇ ತುಂಬಿರುತ್ತಾರೆ. ಆ ಗದ್ದಲದಲ್ಲಿ ಮೂರು ವರ್ಷದ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬನ್ನಿ ಅಂತ ಯಾರಿಗೆ ಹೇಳುವುದು? ಮುಂದಿನ ಶನಿವಾರಕ್ಕೆ ಹಾಕೋಣ ಅಂದರೆ ಆ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್. ಅಷ್ಟು ಓಡಾಡಿದ ಅರ್ಜಿಯನ್ನು ಅಲ್ಲಿಗೇ ಬಿಡಬೇಕಾಯಿತು. ಆ ಸಂಜೆ ಬಸ್ಸಿನಲ್ಲಿ ಕಣ್ಣು ತುಂಬಿ ಬಂದಿತ್ತು.

ಕೊನೆಗೆ ಮೇಡಂಗೆ ಪರಿಚಯವಿದ್ದ ಒಂದು ಹೈಸ್ಕೂಲಿನ ಮೈದಾನ ಸಿಕ್ಕಿತು. ಡಿಸೆಂಬರಿನ ಮೊದಲ ಶನಿವಾರ. ಬಾಡಿಗೆ 3,000 ರೂಪಾಯಿ, ಠೇವಣಿ 2,000. ಹನ್ನೊಂದಕ್ಕೆ ಖಾಲಿ ಮಾಡಬೇಕು ಅನ್ನುವ ಷರತ್ತು. ನಮಗೆ ಅದು ಸಾಕಾಗಿತ್ತು. ಈ ವಯಸ್ಸಿನ ಮಕ್ಕಳನ್ನು ಎರಡು ಗಂಟೆಗಿಂತ ಜಾಸ್ತಿ ಹೊತ್ತು ಮೈದಾನದಲ್ಲಿ ಇಟ್ಟುಕೊಳ್ಳಬಾರದು.

ದುಡ್ಡು ಕೊಡುವ ಮುಂಚೆ ಮೈದಾನವನ್ನು ಕಾರ್ಯಕ್ರಮದ ಹೊತ್ತಿಗೇ ಹೋಗಿ ನೋಡಿ ಬನ್ನಿ. ನಾನು ಒಂಬತ್ತು ಗಂಟೆಗೆ ಹೋಗಿ ನಿಂತಾಗ ಎರಡು ವಿಷಯ ಗೊತ್ತಾಯಿತು. ಮೊದಲನೆಯದು ಬಿಸಿಲು. ಗೇಟಿನ ಕಡೆಯಿಂದ ಓಡಿಸಿದರೆ ಸೂರ್ಯ ನೇರವಾಗಿ ಮಕ್ಕಳ ಕಣ್ಣಿಗೆ ಹೊಡೆಯುತ್ತಿದ್ದ. ಟ್ರ್ಯಾಕನ್ನು ಅಡ್ಡಕ್ಕೆ, ಉತ್ತರ ದಕ್ಷಿಣವಾಗಿ ತಿರುಗಿಸಿಕೊಂಡೆವು. ಎರಡನೆಯದು ಟಾಯ್ಲೆಟ್. ಮೈದಾನದ ಮೂಲೆಯಿಂದ ನೂರಾ ಹತ್ತು ಹೆಜ್ಜೆ ದೂರ, ಅದೂ ದೊಡ್ಡ ಮಕ್ಕಳ ಅಳತೆಯದ್ದು. ಮೂರು ವರ್ಷದ ಮಗು "ಆಂಟಿ, ಸೂಸು" ಅಂದ ಮೇಲೆ ನೂರಾ ಹತ್ತು ಹೆಜ್ಜೆ ಎಲ್ಲಿ ತಡೆದುಕೊಳ್ಳುತ್ತದೆ? ನಮ್ಮ ಶಾಲೆಯ ಪುಟಾಣಿ ಪಾಟಿ ಸೀಟುಗಳನ್ನೇ ತಂದು, ಶಾಮಿಯಾನದ ಹಿಂದೆ ಎರಡು ಕಡೆ ಬೆಡ್‌ಶೀಟ್ ಕಟ್ಟಿ ಜಾಗ ಮಾಡಿದೆವು. ಒಬ್ಬ ಆಯಮ್ಮನಿಗೆ ಆ ದಿನ ಅದೊಂದೇ ಕೆಲಸ. ಇಡೀ ಕಾರ್ಯಕ್ರಮಕ್ಕೆ ಅದೊಂದು ಏರ್ಪಾಡು ಎಷ್ಟು ನೆಮ್ಮದಿ ಕೊಟ್ಟಿತು ಅಂತ ಹೇಳಲಾರೆ.

ಆಟಗಳ ಪಟ್ಟಿ ಬದಲಾದದ್ದು

ನಾನು ಮೊದಲು ಬರೆದ ಪಟ್ಟಿ ನಮ್ಮ ಕಾಲದ್ದು. ನಿಂಬೆಹಣ್ಣು ಚಮಚ, ಗೋಣಿಚೀಲ, ಮೂರು ಕಾಲಿನ ಓಟ, ಮ್ಯೂಸಿಕಲ್ ಚೇರ್, 50 ಮೀಟರ್ ಓಟ. ಅದೃಷ್ಟಕ್ಕೆ ಒಂದು ವಾರ ಶಾಲೆಯ ಅಂಗಳದಲ್ಲಿ ಒಂದೊಂದನ್ನೇ ಆಡಿಸಿ ನೋಡಿದೆವು. ಪಟ್ಟಿಯಲ್ಲಿ ಒಂದೂ ಉಳಿಯಲಿಲ್ಲ.

ಚಮಚವನ್ನು ಬಾಯಲ್ಲಿ ಕಚ್ಚಿಕೊಂಡು ಓಡುವ ಮಗು ಮುಗ್ಗರಿಸಿದರೆ ಚಮಚ ನೇರ ಗಂಟಲಿಗೆ. ಅದನ್ನು ನೆನೆದ ಕೂಡಲೇ ಬಿಟ್ಟೆವು. ಗೋಣಿಚೀಲ ಕೊಡವಿದರೆ ಧೂಳು, ಒಬ್ಬ ಹುಡುಗ ಕೆಮ್ಮಲು ಶುರು ಮಾಡಿದ. ಆಮೇಲೆ ನೋಡಿದರೆ ಅವನಿಗೆ ವೀಸಿಂಗ್ (ಉಬ್ಬಸ) ಇತ್ತು. ಅಲ್ಲದೆ ಮೂರು ವರ್ಷದ ಮಗು ಎರಡೂ ಕಾಲು ಜೋಡಿಸಿ ಹಾರುವುದನ್ನು ಈಗಷ್ಟೇ ಕಲಿತಿರುತ್ತದೆ. ಒಂಟಿ ಕಾಲಿನಲ್ಲಿ ಕುಂಟುವುದು ಸರಿಯಾಗಿ ಬರುವುದು ನಾಲ್ಕರ ಹೊತ್ತಿಗೆ. ಅಂಥ ಕಾಲನ್ನು ಚೀಲದೊಳಗೆ ಹಾಕಿ ಹಾರು ಅಂದರೆ ಬೀಳದೆ ಏನಾಗುತ್ತದೆ?

ಮ್ಯೂಸಿಕಲ್ ಚೇರ್‌ನಲ್ಲಿ ಮೊದಲು ಔಟ್ ಆದ ಹುಡುಗಿ ಗೋಡೆಗೆ ಮುಖ ಮಾಡಿ ಕೂತಳು. ಅವತ್ತೆಲ್ಲ ಯಾವ ಆಟಕ್ಕೂ ಬರಲಿಲ್ಲ. ಆಡಲು ಬಂದ ಮಗುವನ್ನು ಆಟದಿಂದ ಎಬ್ಬಿಸಿ ಕಳಿಸುವ ಆಟ ನಮಗೆ ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ.

ಬರೀ ಓಟವಾದರೂ ಇರಲಿ ಅಂದರೆ ಅದೂ ಕಷ್ಟ. ಗೆರೆಯ ಮೇಲೆ ನಿಲ್ಲಿಸಿ "ಓಡು" ಅಂದಾಗ ಅರ್ಧ ಮಕ್ಕಳು ಓಡಿದರು, ಉಳಿದವರು ನನ್ನ ಮುಖ ನೋಡಿದರು. ಎಲ್ಲಿಗೆ ಓಡಬೇಕು, ಯಾಕೆ ಓಡಬೇಕು ಅಂತ ಅವರಿಗೆ ಅರ್ಥವಾಗಿರಲಿಲ್ಲ. ಪೊರಕೆ ಹಿಡಿದು ನಿಂತಿದ್ದ ದೊಡ್ಡ ಆಯಮ್ಮ, "ಆಂಟಿ, ಕೈಗೆ ಏನಾದ್ರೂ ಕೊಡಿ. ತಗೊಂಡೋಗಿ ಕೊಟ್ಟು ಬಾ ಅನ್ನಿ, ಹೆಂಗೆ ಓಡ್ತವೆ ನೋಡಿ" ಅಂದರು. ಎಂಟು ವಾರದಲ್ಲಿ ನನಗೆ ಸಿಕ್ಕ ಬೆಲೆಬಾಳುವ ಮಾತು ಅದು. ಮಕ್ಕಳಿಗೆ ಗೆಲ್ಲುವುದು ತಿಳಿಯದು, ಕೆಲಸ ತಿಳಿಯುತ್ತದೆ. ಆ ಮಾತು ಹಿಡಿದುಕೊಂಡೇ ಎಲ್ಲ ಆಟ ಹೊಸದಾಗಿ ಕಟ್ಟಿದೆವು.

ಎಂ1 ಮಕ್ಕಳಿಗೆ "ಮೊಲ ಮನೆಗೆ". ಹನ್ನೆರಡು ಮೀಟರ್ ದೂರ. ಆ ತುದಿಯಲ್ಲಿ ಅಮ್ಮನೋ ಅಪ್ಪನೋ ನೆಲದ ಮೇಲೆ ಕೂತು ಕೈ ಚಾಚಬೇಕು. ಮಗು ಒಂದು ಕ್ಯಾರೆಟ್ ಹಿಡಿದು ಓಡಿಹೋಗಿ ಕೊಡಬೇಕು.

ಎಂ2ಗೆ "ಸಂತೆ". ಚಾಪೆಯ ಮೇಲಿನ ತರಕಾರಿಯನ್ನು ಒಂದೊಂದಾಗಿ ಮೂರು ಸಲ ಎಂಟು ಮೀಟರ್ ದೂರದ ಬುಟ್ಟಿಗೆ ಹಾಕಿ ಬರುವುದು. ಟೊಮೆಟೊ ಇಟ್ಟು ನೋಡಿದೆವು, ಹಿಸುಕಿದರು. ಈರುಳ್ಳಿ ಇಟ್ಟೆವು, ಓಡುವುದು ಬಿಟ್ಟು ಸಿಪ್ಪೆ ಸುಲಿಯುತ್ತಾ ಕೂತರು. ಕೊನೆಗೆ ಆಲೂಗಡ್ಡೆ. ಬಿದ್ದರೆ ಒಡೆಯುವುದಿಲ್ಲ, ದೂರ ಉರುಳುವುದಿಲ್ಲ, ಬಾಯಿಗೆ ಹಿಡಿಯುವುದಿಲ್ಲ. ಗೋಲಿ, ಬಟಾಣಿಯಂಥ ಸಣ್ಣ ವಸ್ತು ಯಾವ ಆಟಕ್ಕೂ ಬೇಡ. ಬಲೂನೂ ಬೇಡ. ಒಡೆದ ಬಲೂನಿನ ಚೂರು ಮಗುವಿನ ಉಸಿರು ಕಟ್ಟಿಸಬಹುದು. ಅಲಂಕಾರಕ್ಕೆ ಕಾಗದದ ತೋರಣ ಸಾಕು.

ಎಂ3ಗೆ ಅಡೆತಡೆ ಓಟ. ಹಳೇ ಸೀರೆ ಹೊದಿಸಿದ ಮೇಜಿನ ಕೆಳಗೆ ನುಸುಳುವುದು, ನೆಲದ ಮೇಲಿಟ್ಟ ಹಗ್ಗದ ಮೇಲೆ ನಡೆಯುವುದು, ನಾಲ್ಕು ರಿಂಗ್‌ಗಳಲ್ಲಿ ಹಾರುವುದು, ಚೆಂಡನ್ನು ಬಕೆಟ್ಟಿಗೆ ಹಾಕುವುದು. ಕೊನೆಗೆ ಎಲ್ಲರೂ ಸೇರಿ ಕೆರೆ-ದಡ. "ಕೆರೆ" ಅಂದಾಗ ಗೆರೆಯೊಳಗೆ, "ದಡ" ಅಂದಾಗ ಹೊರಗೆ. ತಪ್ಪಿದವರು ಔಟ್ ಅಲ್ಲ, ನಕ್ಕು ಮುಂದಿನ ಸಲಕ್ಕೆ ತಯಾರಾದರೆ ಸಾಕು.

ಈಗ ಒಂದು ಲೆಕ್ಕ, ದಯವಿಟ್ಟು ಇದನ್ನು ಕಾಗದದ ಮೇಲೆ ಮಾಡಿ. ಅಡೆತಡೆ ಓಟಕ್ಕೆ ಒಂದು ಮಗುವಿಗೆ ಒಂದೂವರೆ ನಿಮಿಷ. ಒಬ್ಬರಾದ ಮೇಲೆ ಒಬ್ಬರು ಅಂದರೆ 16 ಮಕ್ಕಳಿಗೆ 24 ನಿಮಿಷ. ಕೊನೆಯ ಮಗು ಅಷ್ಟು ಹೊತ್ತು ಸಾಲಿನಲ್ಲಿ ನಿಂತಿರಬೇಕು. ರಿಹರ್ಸಲ್‌ನಲ್ಲಿ ಅತ್ತ ಮಕ್ಕಳಲ್ಲಿ ಹೆಚ್ಚಿನವರು ಬಿದ್ದು ಅತ್ತವರಲ್ಲ, ಕಾದು ಕಾದು ಅತ್ತವರು. ಆದ್ದರಿಂದ ಒಂದೇ ಥರದ ಎರಡು ಟ್ರ್ಯಾಕ್ ಮಾಡಿದೆವು. ಒಂದು ಮಗು ಮೇಜು ದಾಟಿದ ಕೂಡಲೇ ಇನ್ನೊಂದನ್ನು ಬಿಟ್ಟೆವು, ಅಂದರೆ ಅರ್ಧ ನಿಮಿಷಕ್ಕೊಬ್ಬರು. 24 ನಿಮಿಷ ಐದಕ್ಕಿಳಿಯಿತು. ಕಾಯುವ ಮಕ್ಕಳಿಗೆ ಒಂದು ಹಳೇ ಚಾಪೆ, ಒಬ್ಬ ಆಂಟಿ, ಕೈ ಅಭಿನಯದ ಹಾಡು.

ಸೀಟಿ ಹೋಗಿ ಜಾಗಟೆ ಬಂದದ್ದು

ಓಟ ಶುರು ಮಾಡಲು ಮೊದಲು ಸೀಟಿ ಊದಿದೆ. ಎಂ1ರ ಮೂವರು ಕಿವಿ ಮುಚ್ಚಿಕೊಂಡರು, ಒಬ್ಬಳು ಜೋರಾಗಿ ಅತ್ತಳು. ಮರುದಿನ ಮೇಡಂ ಮನೆಯ ದೇವರ ಕೋಣೆಯಿಂದ ಹಿತ್ತಾಳೆ ಜಾಗಟೆ ತಂದರು. ಮೆಲ್ಲಗೆ ಒಂದು ಏಟು, ಅಷ್ಟೇ. ಮನೆಯಲ್ಲಿ ಮಂಗಳಾರತಿ ಹೊತ್ತಿನಲ್ಲಿ ಕೇಳಿದ ಶಬ್ದವಾದ್ದರಿಂದ ಯಾರೂ ಹೆದರಲಿಲ್ಲ.

ಶಾಮಿಯಾನದವರು ಮೈಕ್ ಸೆಟ್ಟನ್ನೂ ತರುತ್ತೇವೆ ಅಂದಿದ್ದರು. ಬೇಡ ಅಂದೆವು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಜನ ವಾಸಿಸುವ ಕಡೆ ಹಗಲಿನ ಮಿತಿ 55 ಡೆಸಿಬಲ್. ಮೈದಾನದ ಪಕ್ಕದಲ್ಲೇ ಒಂದು ನರ್ಸಿಂಗ್ ಹೋಂ ಬೇರೆ ಇತ್ತು. ಇನ್ನೊಂದು ಕಚೇರಿಯ ಬೆಂಚಿನ ಮೇಲೆ ಕೂರುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ ಅನ್ನುವುದೂ ನಿಜ. ಮೈಕ್ ಇಲ್ಲದ್ದರಿಂದ ಮಕ್ಕಳು ನಮ್ಮ ಮಾತು ಕೇಳಿಸಿಕೊಂಡರು. ಮತ್ತೆ ಮಾಡಿದರೂ ಮೈಕ್ ಇಡುವುದಿಲ್ಲ.

ಫಾರಂ, ಮೀಟಿಂಗ್, ಮಾಮೂಲ್‌ಪೇಟೆ

ಒಪ್ಪಿಗೆ ಪತ್ರವನ್ನು ಸುಮ್ನೆ ಒಂದು ಸಹಿ ಅಂದುಕೊಳ್ಳಬೇಡಿ. ನಮ್ಮದರಲ್ಲಿ ಐದು ಪ್ರಶ್ನೆ ಇದ್ದವು. ಅಲರ್ಜಿ ಇದೆಯಾ, ವೀಸಿಂಗ್ ಅಥವಾ ಫಿಟ್ಸ್ ಇದೆಯಾ, ಇತ್ತೀಚೆಗೆ ಪೆಟ್ಟಾಗಿದೆಯಾ, ಮಗುವನ್ನು ಯಾರು ಕರೆದುಕೊಂಡು ಹೋಗುತ್ತಾರೆ, ಫೋಟೋ ತೆಗೆಯಬಹುದಾ. ಮೊದಲ ವಾರ ಬಂದದ್ದು 31 ಫಾರಂ. ಉಳಿದ ಹದಿನೈದಕ್ಕೆ ದಿನಾ ಗೇಟಿನಲ್ಲಿ ನಿಂತೆ. ಅದರಿಂದಲೇ ಗೊತ್ತಾಯಿತು, ಒಂದು ಮಗುವಿನ ಕೈ ಪ್ಲಾಸ್ಟರ್ ಬಿಚ್ಚಿ ಹತ್ತು ದಿನ ಮಾತ್ರ ಆಗಿದೆ, ಇಬ್ಬರಿಗೆ ಇನ್‌ಹೇಲರ್ ಜೊತೆಯಲ್ಲೇ ಇರಬೇಕು ಅಂತ. ನಾಲ್ಕು ಮನೆಯವರು ಫೋಟೋ ಬೇಡ ಅಂದರು. ಆ ಮಕ್ಕಳ ಹೆಸರನ್ನು ಫೋಟೋ ತೆಗೆಯುವವರ ಕೈಗೆ ಮೊದಲೇ ಬರೆದು ಕೊಟ್ಟೆವು.

ಪೇರೆಂಟ್ಸ್ ಮೀಟಿಂಗ್‌ನಲ್ಲಿ ಬಿಸಿ ಏರಿದ್ದು ಬಹುಮಾನದ ವಿಷಯಕ್ಕೆ. ಎಲ್ಲರಿಗೂ ಒಂದೇ ಮೆಡಲ್ ಅಂದಾಗ ಒಬ್ಬ ತಂದೆ ಎದ್ದು, "ಎಲ್ಲರಿಗೂ ಕೊಟ್ಟರೆ ಮಗು ಗೆಲ್ಲೋದು ಯಾವಾಗ ಕಲಿಯುತ್ತೆ?" ಅಂತ ಕೇಳಿದರು. ಕೋಪದಲ್ಲಿ ಕೇಳಿದ್ದಲ್ಲ, ಕಾಳಜಿಯಿಂದಲೇ ಕೇಳಿದ್ದು. ಮೇಡಂ ನಿಧಾನವಾಗಿ ಹೇಳಿದರು: 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸರಿ ಬಹುಮಾನ, ಶಿಕ್ಷೆ ಎರಡನ್ನೂ ಕೈಬಿಟ್ಟವರು, ನಾವು ಅವರ ಹೆಸರಿನಲ್ಲೇ ಶಾಲೆ ನಡೆಸುತ್ತಿದ್ದೇವೆ. ಆಮೇಲೆ ಇನ್ನೊಂದು ಮಾತು. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಚುರುಕಾಗಿ ಓಡಿ ಕುಣಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. "ನಿಮ್ಮ ಮನೆಯಲ್ಲಿ ಎಷ್ಟಾಗುತ್ತೆ?" ಅಂತ ಮೇಡಂ ಕೇಳಿದಾಗ ಕೋಣೆ ಸ್ತಬ್ಧವಾಯಿತು. ಸ್ಪೋರ್ಟ್ಸ್ ಡೇ ನೆಪದಲ್ಲಿ ಒಂದು ತಿಂಗಳು ದಿನಾ ಮಕ್ಕಳು ಅಂಗಳದಲ್ಲಿ ಓಡುತ್ತಾರಲ್ಲ, ನಮಗೆ ಬೇಕಾದದ್ದು ಅದೇ ಅಂತ ಮಾತು ಮುಗಿಸಿದರು. ಆ ತಂದೆಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಅವರೇ ಮುಂದೆ ಬಂದು ಫೋಟೋ ನಾನು ತೆಗೆಯುತ್ತೇನೆ ಅಂದರು.

ಸಾಮಾನಿಗೆ ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ, ಅಲ್ಲಿಂದ ಮಾಮೂಲ್‌ಪೇಟೆಗೆ ನಡೆದೆ. ಶನಿವಾರ ಹೋಗಬೇಡಿ, ಕಾಲಿಡಲು ಜಾಗ ಇರುವುದಿಲ್ಲ. ವಾರದ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋದರೆ ಚೌಕಾಸಿಗೂ ಪುರುಸೊತ್ತು. 55 ಮೆಡಲ್, ಒಂದಕ್ಕೆ 30 ರೂಪಾಯಿ. ರಿಂಗ್ 12, ಒಂದಕ್ಕೆ 70. ಕೋನ್ 16, ಒಂದಕ್ಕೆ 40. ಮೆಡಲನ್ನು ಬೆರಳಿನಿಂದ ಸವರಿ ನೋಡಿ, ಕೆಲವದರ ಅಂಚು ಚೂಪಾಗಿರುತ್ತದೆ. ಹತ್ತು ನಿಮಿಷದಲ್ಲಿ ಅದು ಮಗುವಿನ ಬಾಯಲ್ಲಿರುತ್ತದೆ. ನಾನು ಮಾಡಿದ ತಪ್ಪು ಬೇರೆ. ಮೆಡಲಿನ ಸ್ಟಿಕ್ಕರಿನಲ್ಲಿ ತಾರೀಕು ಅಚ್ಚು ಹಾಕಿಸಿಬಿಟ್ಟೆ.

ಮಳೆ

ಮೊದಲ ಶನಿವಾರಕ್ಕೆ ಮೂರು ದಿನ ಇದೆ ಅನ್ನುವಾಗ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ. ಡಿಸೆಂಬರಿನಲ್ಲೂ ಬೆಂಗಳೂರಿಗೆ ಇದು ಹೊಸದಲ್ಲ, ಆದರೂ ನಾವ್ಯಾರೂ ಯೋಚಿಸಿರಲಿಲ್ಲ. ಬುಧವಾರ ಮೋಡ, ಗುರುವಾರ ಬೆಳಗಿನಿಂದ ಜಿಟಿಜಿಟಿ. ಶುಕ್ರವಾರ ಮೈದಾನಕ್ಕೆ ಹೋಗಿ ಕಾಲಿಟ್ಟರೆ ಚಪ್ಪಲಿ ಕೆಸರಿನಲ್ಲಿ ಉಳಿದುಕೊಂಡಿತು. ಅಲ್ಲೇ ನಿಂತು ಮೇಡಂಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ 46 ಮನೆಗೆ ಮೆಸೇಜ್ ಹೋಯಿತು.

ಆಫೀಸಿಗೆ ರಜೆ ಹಾಕಿದ್ದವರಿಗೆ ಬೇಜಾರಾಯಿತು. ತುಮಕೂರಿನಿಂದ ಬಂದಿದ್ದ ಒಂದು ಮಗುವಿನ ಅಜ್ಜಿ ವಾಪಸ್ ಹೋದರು, ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಶಾಮಿಯಾನಕ್ಕೆ ಕೊಟ್ಟ 1,000 ರೂಪಾಯಿ ಅಡ್ವಾನ್ಸ್ ಹೋಯಿತು. ಹೈಸ್ಕೂಲಿನವರು ಒಳ್ಳೆಯವರು, ಮುಂದಿನ ವಾರ ಎರಡನೇ ಶನಿವಾರ, ರಜೆ ಇದೆ, ಅದೇ ಬಾಡಿಗೆಗೆ ಮಾಡಿಕೊಳ್ಳಿ ಅಂದರು. ಮೊದಲ ನೋಟಿಸಿನಲ್ಲೇ "ಮಳೆ ಬಂದರೆ ಈ ತಾರೀಕು" ಅಂತ ಎರಡನೇ ದಿನವನ್ನೂ ಬರೆದಿದ್ದರೆ ಇಷ್ಟು ಗೋಜಲು ಆಗುತ್ತಿರಲಿಲ್ಲ. ಆ ವಾರ ಮೂರು ಸಂಜೆ ಕೂತು 55 ಮೆಡಲಿನ ಸ್ಟಿಕ್ಕರ್ ಕೆರೆದು, ಮಕ್ಕಳು ಬಣ್ಣ ಹಚ್ಚಿದ ದುಂಡು ಕಾಗದ ಅಂಟಿಸಿದೆವು. ಅದು ಅಂಗಡಿಯ ಸ್ಟಿಕ್ಕರಿಗಿಂತ ಚೆನ್ನಾಗಿ ಕಂಡಿತು.

ಆ ದಿನ

ಆರೂವರೆಗೆ ಮೈದಾನದಲ್ಲಿದ್ದೆವು. ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ. ನಾಲ್ಕು ಜನ ಸಾಲಾಗಿ ನಿಂತು ಒಂದು ತುದಿಯಿಂದ ಇನ್ನೊಂದು ತುದಿಗೆ ನೆಲ ನೋಡುತ್ತಾ ನಡೆದೆವು. ಗಾಜಿನ ಚೂರು, ಒಂದು ಮೊಳೆ, ಎಂಟು ಹತ್ತು ಕಡೆ ನಾಯಿ ಹೇಲು. ದೊಡ್ಡ ಆಯಮ್ಮ ಬೂದಿ ಹಾಕಿ ಎಲ್ಲ ಬಳಿದರು. ಟ್ರ್ಯಾಕಿನ ಗೆರೆಗೆ ಮೈದಾನದ ಕಾವಲುಗಾರ ಸುಣ್ಣದ ಪುಡಿ ಕೊಡಲು ಬಂದರು. ಬೇಡ ಅಂದು ರಂಗೋಲಿ ಪುಡಿ ಹಾಕಿದೆವು. ಸುಣ್ಣ ಕಣ್ಣಿಗೆ ಹೋದರೆ ಸುಡುತ್ತದೆ, ಈ ಮಕ್ಕಳು ನೆಲ ಮುಟ್ಟಿದ ಕೈಯಲ್ಲೇ ಕಣ್ಣು ಉಜ್ಜುತ್ತಾರೆ.

ಎಂಟೂವರೆಗೆ ಮಕ್ಕಳು ಬಂದರು. ಸ್ವೆಟರ್, ಮಂಕಿ ಟೋಪಿ, ಕೆಲವರಿಗೆ ಹೊಚ್ಚ ಹೊಸ ಶೂ. ಹೊಸ ಶೂ ಬೇಡ ಅಂತ ನೋಟಿಸಿನಲ್ಲಿ ಹಾಕಿ. ಇಬ್ಬರಿಗೆ ಹಿಮ್ಮಡಿ ಕಚ್ಚಿ, ಕೊನೆಗೆ ಬರಿಗಾಲಿನಲ್ಲೇ ಓಡಿಸಿದೆವು.

ಮೊದಲು ಎಂ1. ನಾಲ್ಕು ಮಕ್ಕಳು ಗೆರೆಯ ಮೇಲೆ, ಆ ತುದಿಯಲ್ಲಿ ಅಮ್ಮಂದಿರು. ನಾನು ಜಾಗಟೆ ಹೊಡೆದೆ. ಇಬ್ಬರು ಓಡಿದರು. ಒಬ್ಬ ಕೂತು ಕಲ್ಲು ಆರಿಸತೊಡಗಿದ. ನಾಲ್ಕನೆಯ ಹುಡುಗಿ ಕ್ಯಾರೆಟ್ಟನ್ನು ಕಂಕುಳಲ್ಲಿ ಸಿಗಿಸಿಕೊಂಡು, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ ನಿಂತಳು. ಜಾಗಟೆಯ ಶಬ್ದಕ್ಕೆ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಅಂಗಳದಲ್ಲಿ ಹದಿನೈದು ಸಲ ಸರಿಯಾಗಿ ಓಡಿದ್ದವಳು. ಶಾಮಿಯಾನದಲ್ಲಿ ಯಾರೂ ನಗಲಿಲ್ಲ. ನಾನು ಹತ್ತಿರ ಹೋಗಿ ಕೂತು, "ಅಮ್ಮ ಅಲ್ಲಿದ್ದಾರೆ ಕಂದಾ" ಅಂದೆ. ಕಣ್ಣು ಬಿಟ್ಟಳು, ನೋಡಿದಳು, ಓಡಿದಳು. ಅವರ ಅಮ್ಮ ಕ್ಯಾರೆಟ್ ತಗೊಂಡು ಮಗಳನ್ನು ಅಪ್ಪಿಕೊಂಡಾಗ ನನಗೆ ಗಂಟಲು ಕಟ್ಟಿತು.

ಒಂದು ಮಾತು ನೆನಪಿಡಿ. ತಂದೆ ತಾಯಿ ಯಾವತ್ತೂ ಮುಗಿಯುವ ಗೆರೆಯ ಕಡೆ ಇರಲಿ, ಶುರುವಿನ ಕಡೆ ಬೇಡ. ಶುರುವಿನಲ್ಲಿ ಅಮ್ಮ ಕಂಡರೆ ಮಗು ಬಿಟ್ಟು ಬರುವುದಿಲ್ಲ. ವಿಡಿಯೋ ಮಾಡಲು ಹಗ್ಗ ದಾಟಿ ಟ್ರ್ಯಾಕಿಗೇ ಬರುವವರಿರುತ್ತಾರೆ. ಹಗ್ಗದ ಬಳಿ ಇಬ್ಬರನ್ನು ನಿಲ್ಲಿಸಿ, ಸಂಕೋಚ ಬೇಡ.

ಸಂತೆ ಆಟದಲ್ಲಿ ಒಬ್ಬ ಹುಡುಗನನ್ನು ಮರೆಯಲಾರೆ. ಮೊದಲ ಆಲೂಗಡ್ಡೆ ತೆಗೆದುಕೊಂಡ, ತಿರುಗಿಸಿ ನೋಡಿದ. ಮಣ್ಣು ಮೆತ್ತಿತ್ತು. ಸ್ವೆಟರಿನ ತೋಳಿಗೆ ಒರೆಸಿದ, ಮತ್ತೆ ನೋಡಿದ, ಇನ್ನೊಂದು ಸಲ ಒರೆಸಿದ. ಪಕ್ಕದವರು ಮೂರೂ ಹಾಕಿ ಮುಗಿಸಿದ್ದರು. ಅವನು ನಡೆದುಕೊಂಡು ಹೋಗಿ ಬುಟ್ಟಿಯಲ್ಲಿ ಮೆಲ್ಲಗೆ ಇಟ್ಟ, ಎಸೆಯಲಿಲ್ಲ. ಮೂರೂ ಆಲೂಗಡ್ಡೆ ಹಾಗೇ ಆಯಿತು. ನಾವು ಕಾದೆವು. ಮೀಟಿಂಗ್‌ನಲ್ಲಿ ಪ್ರಶ್ನೆ ಕೇಳಿದ್ದ ತಂದೆ ಕ್ಯಾಮೆರಾ ಹಿಡಿದು ಅವನ ಪಕ್ಕವೇ ಮಂಡಿಯೂರಿ ಕೂತಿದ್ದರು. ಅವರ ಮಗ ಅವನಲ್ಲ.

ಒಬ್ಬಳ ಮಂಡಿ ತರಚಿತು. ನೀರಿನಲ್ಲಿ ತೊಳೆದು ಪಟ್ಟಿ ಹಾಕಿ ಮತ್ತೆ ಓಡಿಸಿದೆವು. 108 ನಂಬರ್, ಹತ್ತಿರದ ಮಕ್ಕಳ ಡಾಕ್ಟರ ನಂಬರ್ ದೊಡ್ಡದಾಗಿ ಬರೆದು ಶಾಮಿಯಾನದ ಕಂಬಕ್ಕೆ ಅಂಟಿಸಿದ್ದೆವು, ಪುಣ್ಯಕ್ಕೆ ಬೇಕಾಗಲಿಲ್ಲ. ಕೆರೆ-ದಡ ಆಡುವಾಗ ಅಜ್ಜಿ ತಾತಂದಿರೂ ಕರೆಯದೆ ಎದ್ದು ಬಂದು ಸೇರಿಕೊಂಡರು. ಆಮೇಲೆ ಏಲಕ್ಕಿ ಬಾಳೆಹಣ್ಣು, ನೀರು ಮಜ್ಜಿಗೆ. ಪರಿಷೆ ಮುಗಿದ ಹೊಸದು, ಯಾರೋ ಕಡಲೆಕಾಯಿ ಚೀಲ ತಂದಿದ್ದರು. ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಅಂತ ಹೇಳಿ ದೊಡ್ಡವರಿಗೆ ಮಾತ್ರ ಹಂಚಿದೆವು.

ಮನೆಗೆ ಹೋಗುವ ಹೊತ್ತು ಒಂದು ಕ್ಷಣ ಎದೆ ಝಲ್ಲೆಂದಿತು. ಒಬ್ಬ ಹುಡುಗನನ್ನು ಕರೆದುಕೊಂಡು ಹೋಗಲು ಚಿಕ್ಕಪ್ಪ ಅಂತ ಒಬ್ಬರು ಬಂದರು, ಫಾರಂನಲ್ಲಿ ಅವರ ಹೆಸರಿಲ್ಲ. ಮಗು "ಚಿಕ್ಕಪ್ಪಾ" ಅಂತ ಓಡಿಯೇ ಹೋಯಿತು. ಆದರೂ ಬಿಡಲಿಲ್ಲ. ತಾಯಿಗೆ ಫೋನ್ ಮಾಡಿ, ಅವರ ದನಿ ಕೇಳಿದ ಮೇಲೆಯೇ ಕಳಿಸಿದೆವು. ಅವರಿಗೆ ಇರುಸುಮುರುಸಾದಂತಿತ್ತು. ಆಗಲಿ, ಆ ವಿಷಯದಲ್ಲಿ ದಾಕ್ಷಿಣ್ಯ ಮಾಡುವಂತಿಲ್ಲ.

ಖರ್ಚು, ಮತ್ತೆ ಸೋಮವಾರ

ಮೈದಾನ, ಶಾಮಿಯಾನ, ಕುರ್ಚಿ, ಮೆಡಲ್, ಆಟದ ಸಾಮಾನು, ಹಣ್ಣು ಮಜ್ಜಿಗೆ, ಔಷಧಿ ಡಬ್ಬಿ, ಹೋದ ಅಡ್ವಾನ್ಸ್ ಎಲ್ಲ ಸೇರಿ 13,110 ರೂಪಾಯಿ. ಮಗುವಿಗೆ ಸುಮಾರು 285. ಒಬ್ಬೊಬ್ಬರಿಂದ 250 ತೆಗೆದುಕೊಂಡಿದ್ದೆವು, ಉಳಿದದ್ದು ಶಾಲೆ ಹಾಕಿತು. ಟೀ ಶರ್ಟ್ ಹೊಲಿಸದೆ ಮನೆಯ ಬಟ್ಟೆಯಲ್ಲೇ ಬನ್ನಿ ಅಂದದ್ದರಿಂದ ಇಷ್ಟರಲ್ಲಿ ಮುಗಿಯಿತು. ಠೇವಣಿ ಅದೇ ದಿನ ವಾಪಸ್ ಬಂತು. ರಿಂಗ್, ಕೋನ್ ಮುಂದಿನ ವರ್ಷಕ್ಕೂ ಆಗುತ್ತವೆ.

ಐದು ಕೆಜಿ ಆಲೂಗಡ್ಡೆ ಶಾಲೆಯ ಅಡುಗೆಮನೆಯಲ್ಲಿ ಉಳಿದಿತ್ತು. ಸೋಮವಾರ ಎಂ2 ಮಕ್ಕಳಿಗೆ ತೊಟ್ಟಿಯಲ್ಲಿ ನೀರು ಕೊಟ್ಟು ತೊಳೆಯಲು ಹಚ್ಚಿದೆವು. ಆಯಮ್ಮ ಬೇಯಿಸಿದರು, ಮಕ್ಕಳೇ ಸಿಪ್ಪೆ ಸುಲಿದರು, ಉಪ್ಪು ಮೆಣಸು ಉದುರಿಸಿ ತಿಂದರು. ಸ್ವೆಟರಿಗೆ ಒರೆಸಿದ್ದ ಹುಡುಗ ತನ್ನ ತಟ್ಟೆಯಲ್ಲಿದ್ದದ್ದನ್ನು ನನಗೆ ತೋರಿಸಿ, "ಆಂಟಿ, ಇದು ನಾನು ಓಡಿಸಿದ್ದು" ಅಂದ. ಅರ್ಧ ಮುರಿದು ನನ್ನ ಕೈಗೆ ಕೊಟ್ಟ.